ಕೆಂಪು ಕಾರನ್ನು ಹಿಡಿದವರು ಯಾರು

“ನೇರಲಕೋಟೆಯ ಸೀಮೆಯಲ್ಲಿ ಸ್ಪ್ಯಾನರ್ ಹಿಡಿಯಬಲ್ಲ ಪ್ರತಿಯೊಬ್ಬನೂ ನಾಳೆ ಬೆಳಿಗ್ಗೆ ಅರಮನೆಯ ಕಾರು ಶೆಡ್ಡಿಗೆ ಬರತಕ್ಕದ್ದು. ಯುವರಾಣಿ ಹೊನ್ನಾಜಿಯವರು ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿ, ಅವರ ಕೆಂಪು ಕಾರನ್ನು ಲಿಫ್ಟಿನ ಮೇಲೆ ಕ್ಷೇಮವಾಗಿ ಎತ್ತಿದವನು ಕೇಳಿದ್ದನ್ನು ಪಡೆಯುವನು. ತಪ್ಪಿದವನ ತಲೆ ಹಾರುವುದು. ಬಾರದವನದೂ ಅಷ್ಟೆ.”

ಡಂಗುರದವನು ಕೊನೆಯ ಮಾತನ್ನು ಎರಡು ಸಲ ಹೇಳಿ ಮುಂದಿನ ಬೀದಿಗೆ ಹೋದ.

ಕೋಟೆಯ ಕೆಳಗೆ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದ ಓಬಳೇಶನಿಗೆ ಅನುಮಾನ ಹುಟ್ಟುಗುಣ. ಚಹಾ ಕುಡಿಯುವ ಮೊದಲು ಲೋಟದ ತಳ ನೋಡುವ ಆಸಾಮಿ. ಕೇಳಿದ್ದು ಕೊಡುತ್ತೇವೆ ಅನ್ನುವವರನ್ನು ಅವನು ಈವರೆಗೆ ನಂಬಿದ್ದಿಲ್ಲ. ತಲೆ ತೆಗೆಯುತ್ತೇವೆ ಅಂದದ್ದನ್ನು ಮಾತ್ರ ಪೂರ್ತಿ ನಂಬಿ, ಬೆಳಕು ಹರಿಯುತ್ತಲೇ ಹೊರಟ.

ಶೆಡ್ಡಿನಲ್ಲಿ ಕೆಂಪು ಕಾರು ಹಲ್ಲಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಮುಂದೆ ಲಿಫ್ಟಿನ ಎರಡು ಕಂಬ, ಕಂಬಕ್ಕೆರಡರಂತೆ ನಾಲ್ಕು ಉಕ್ಕಿನ ತೋಳು. ಹೋದ ವರ್ಷ ಇದೇ ಲಿಫ್ಟಿನಿಂದ ಬೇರೊಂದು ಕಾರು ಜಾರಿ ಅರಮನೆಯ ಮಿಸ್ತ್ರಿ ಸತ್ತಿದ್ದ. ಅವತ್ತಿನಿಂದ ರಾಜ ಬಸವಂತ ನಾಯಕರು ಎಲ್ಲರನ್ನೂ ಅನುಮಾನಿಸುತ್ತಿದ್ದರು. ಮಗಳು ಹೊನ್ನಾಜಿ ಆ ಪಟ್ಟಿಗೆ ಅಪ್ಪನನ್ನೂ ಸೇರಿಸಿಕೊಂಡಿದ್ದಳು.

“ಮೊದಲನೆಯದು,” ಅಂದಳು ಹೊನ್ನಾಜಿ. “ನನ್ನ ಕಾರನ್ನು ಎತ್ತಬೇಕಾದರೆ ಅದಕ್ಕೂ ಮೊದಲು ಅದನ್ನು ಎತ್ತಿರಬೇಕು. ಹೇಗೆ?”

ಪರದೇಶದಲ್ಲಿ ಓದಿಬಂದ ಮಾರ್ತಾಂಡ ಮುಂದೆ ಬಂದ. “ಮನಸ್ಸಿನಲ್ಲಿ, ಯುವರಾಣಿಯವರೇ. ಎತ್ತುವವನು ಮೊದಲು ಮನಸ್ಸಿನಲ್ಲಿ ಎತ್ತಿರಬೇಕು.”

“ಚೆನ್ನಾಗಿದೆ,” ಅಂದಳು ಅವಳು. ಭಟರು ಅವನನ್ನು ಸೆರೆಮನೆಯ ಕಡೆ ಕರೆದುಕೊಂಡು ಹೋದರು.

ಓಬಳೇಶ ಕುಕ್ಕರಗಾಲಲ್ಲಿ ಕೂತು ಕಾರಿನಡಿ ಕೈ ತೂರಿಸಿದ. ನಾಲ್ಕು ಬೆರಳು ಹೋಯಿತು, ಮುಷ್ಟಿ ಹೋಗಲಿಲ್ಲ. “ಈ ತೋಳು ಇದರಡಿ ತೂರಲ್ಲ ಅಮ್ಮಾವ್ರೇ. ಬಲವಂತ ಮಾಡಿದ್ರೆ ಅಂಚು ಹರಿದುಹೋಗುತ್ತೆ. ನಾಲ್ಕು ದಪ್ಪ ಹಲಗೆ ತರಿಸಿ, ಚಕ್ರಗಳನ್ನ ಅದರ ಮೇಲೆ ಹತ್ತಿಸೋಣ. ಅದೇ ಮೊದಲನೇ ಎತ್ತು.”

ಹಲಗೆ ಬಂತು. ಕಾರು ನಿಧಾನವಾಗಿ ಹತ್ತಿ ಕಂಬಗಳ ನಡುವೆ ನಿಂತಿತು.

“ಎರಡನೆಯದು. ಇದರ ಹೊಟ್ಟೆ ಹಪ್ಪಳದಷ್ಟು ತೆಳು. ಆದರೆ ಇಡೀ ಭಾರ ಹೊರುವ ನಾಲ್ಕು ಜಾಗ ಅಲ್ಲೇ ಇವೆ. ಎಲ್ಲಿ?”

ಮಂತ್ರಿಯ ಅಳಿಯ ಸೋಮಶೆಟ್ಟಿ ನಕ್ಕ. “ಇದೂ ಒಂದು ಒಗಟೇ? ನಾಲ್ಕು ಚಕ್ರದಿಂದ ಒಂದೊಂದು ಮೊಳ. ಎಲ್ಲ ಕಾರಿಗೂ ಒಂದೇ ಲೆಕ್ಕ. ಕಣ್ಣು ಮುಚ್ಚಿಕೊಂಡು ತೋರಿಸ್ತೀನಿ.”

ಅವನೂ ಭಟರ ಹಿಂದೆ ಹೋದ, ಕಣ್ಣು ತೆರೆದುಕೊಂಡೇ.

ಉಳಿದವರು ಗೋಡೆಗೆ ಒರಗಿ ಸಣ್ಣಗಾದರು. “ನೀನು?” ಅಂದಳು ಹೊನ್ನಾಜಿ.

“ನಂಗೊತ್ತಿಲ್ಲ.”

ಮಗಳ ಪಕ್ಕದಲ್ಲಿ ನಿಂತಿದ್ದ ರಾಜರು ಕತ್ತಿಯ ಹಿಡಿಗೆ ಕೈಯಿಟ್ಟರು. ಓಬಳೇಶ ಆ ಕೈಯನ್ನೇ ನೋಡುತ್ತ ಹೇಳಿದ, “ಇಂಥಾ ಕಾರು ನಾನು ಮುಟ್ಟಿದ್ದೇ ಇವತ್ತು, ಬುದ್ಧಿ. ಮಾಡಿದವರು ಪುಸ್ತಕದಲ್ಲಿ ಬರೆದಿರ್ತಾರೆ. ಅದು ಕೊಟ್ರೆ ಹೇಳ್ತೀನಿ.”

ಹೊನ್ನಾಜಿ ಬಾಗಿಲು ತೆರೆದು ಸೀಟಿನ ಮುಂದಿನ ಗೂಡಿನಿಂದ ಪುಸ್ತಕ ತೆಗೆದುಕೊಟ್ಟಳು. ಇಷ್ಟು ಹೊತ್ತೂ ಅದು ಅಲ್ಲೇ ಇತ್ತು, ಕೇಳಿದವರಿರಲಿಲ್ಲ. ಅಕ್ಷರ ಪರದೇಶದ್ದಾದರೂ ಚಿತ್ರಕ್ಕೆ ಭಾಷೆ ಬೇಕಿರಲಿಲ್ಲ. ಓಬಳೇಶ ನೆಲಕ್ಕೆ ಮಲಗಿ, ದೀಪ ಹಿಡಿದು, ನಾಲ್ಕೂ ಗುರುತು ಹುಡುಕಿ, ತೋಳಿನ ರಬ್ಬರು ಬಿಲ್ಲೆಗಳನ್ನು ಸರಿಯಾಗಿ ಅವುಗಳ ಕೆಳಗೆ ತಂದ. ಗುಂಡಿ ಒತ್ತಿ, ಚಕ್ರ ಹಲಗೆ ಬಿಟ್ಟು ಗೇಣು ಮೇಲೇರುತ್ತಲೇ ನಿಲ್ಲಿಸಿ, ಕಾರನ್ನು ಹಿಂದೆ ಮುಂದೆ ಅಲುಗಾಡಿಸಿದ.

“ಅದೇನು?” ಅಂದರು ರಾಜರು.

“ಇಂಜಿನ್ನು ಸೀಟಿನ ಹಿಂದಿದೆ, ಬುದ್ಧಿ. ಬಾಲ ಭಾರ. ಬೀಳೋದಿದ್ರೆ ಗೇಣೆತ್ತರದಿಂದಲೇ ಬಿದ್ದುಬಿಡಲಿ.”

ಬೀಳಲಿಲ್ಲ. ಅವನು ಮತ್ತೆ ಗುಂಡಿ ಒತ್ತಿದ. ಕಾರು ಆಳೆತ್ತರಕ್ಕೆ ಏರಿತು.

“ಮೂರನೆಯದು. ಈಗ ನನ್ನ ಕಾರನ್ನು ಹಿಡಿದುಕೊಂಡಿರುವವರು ಯಾರು? ಉತ್ತರವನ್ನು ಕಾರಿನ ಕೆಳಗೆ ನಿಂತು ಹೇಳಬೇಕು.”

ಓಬಳೇಶ ಕದಲಲಿಲ್ಲ. ಕಾರು ಏರುವಾಗಲೇ ಅವನ ಕಿವಿಗೆ ಏನೋ ಕಮ್ಮಿ ಅನ್ನಿಸಿತ್ತು. ಎಡಗಂಬ ಗೇಣು ಗೇಣಿಗೂ ಟಕ್ ಅನ್ನುತ್ತಿತ್ತು. ಬಲಗಂಬ ಬಾಯಿಯನ್ನೇ ಬಿಟ್ಟಿರಲಿಲ್ಲ.

“ನಿಲ್ಲಲ್ಲ,” ಅಂದ.

“ನಿಲ್ಲದಿದ್ದರೆ ತಲೆ ಹೋಗುತ್ತದೆ,” ಅಂದರು ರಾಜರು, ಕತ್ತಿ ಅರ್ಧ ಹೊರಗೆ ಬಂದಿತ್ತು.

“ನಿಂತರೂ ಹೋಗುತ್ತೆ, ಬುದ್ಧಿ. ಕಾರನ್ನ ಮೇಲೆ ತಳ್ಳೋದು ಎಣ್ಣೆ. ಆದರೆ ಎಣ್ಣೆ ಸೋರುತ್ತೆ, ಪೈಪು ಒಡೆಯುತ್ತೆ. ಮೇಲೇರಿದ ಮೇಲೆ ಕಾರನ್ನ ಹಿಡಿಯಬೇಕಾದ್ದು ಕಂಬದೊಳಗಿನ ಕೊಕ್ಕೆ, ಕಂಬಕ್ಕೊಂದು. ಏರುವಾಗ ಟಕ್ ಅಂತ ಕಚ್ಚೋದು ಅದೇ. ಎಡಗಡೆ ಕೊಕ್ಕೆ ಇದೆ. ಬಲಗಡೆ ಯಾರೂ ಇಲ್ಲ. ಇದೇ ನನ್ನ ಉತ್ತರ, ಇಲ್ಲಿಂದಲೇ.”

ಹೊನ್ನಾಜಿ ಸೊಂಟದ ಗಂಟು ಬಿಚ್ಚಿ ಕಿರುಬೆರಳಷ್ಟು ಉದ್ದದ ಸ್ಪ್ರಿಂಗನ್ನು ಹೊರತೆಗೆದಳು. “ಬಲಗಡೆಯ ಕೊಕ್ಕೆಯದು, ಇದಿಲ್ಲದೆ ಅದು ಕಚ್ಚುವುದಿಲ್ಲ. ಬೆಳಿಗ್ಗೆ ನಾನೇ ಬಿಚ್ಚಿದೆ. ಉತ್ತರ ಸರಿ.”

“ಇವನು ಹೋಗಿ ನಿಂತಿದ್ದರೆ ಏನಮ್ಮಾ ಗತಿ?” ರಾಜರ ದನಿ ಇಳಿದಿತ್ತು.

“ನಾನು ತಡೆಯುತ್ತಿದ್ದೆ, ಅಪ್ಪಾಜಿ.”

ಓಬಳೇಶ ಆ ಮಾತನ್ನು ಅರ್ಧ ನಂಬಿದ. ಕಾರನ್ನು ಇಳಿಸಿ, ಸ್ಪ್ರಿಂಗ್ ಹಾಕಿ, ಮತ್ತೆ ಹಲಗೆಯಿಂದಲೇ ಶುರುಮಾಡಿ ಎತ್ತಿದ. ಈ ಸಲ ಎರಡು ಕಂಬವೂ ಒಟ್ಟೊಟ್ಟಿಗೆ ಟಕ್ ಅಂದವು. ಮೇಲೇರಿದ ಮೇಲೆ ಬೆರಳಷ್ಟು ಕೆಳಗಿಳಿಸಿ, ಭಾರವನ್ನು ಎಣ್ಣೆಯಿಂದ ಕೊಕ್ಕೆಗಳಿಗೆ ದಾಟಿಸಿ, ಆಮೇಲೆ ತಾನೇ ಹೋಗಿ ಕೆಳಗೆ ನಿಂತ.

“ಏನು ಬೇಕೋ ಕೇಳು,” ಅಂದರು ರಾಜರು.

“ಒಳಗೆ ಹಾಕಿದವರ ತಲೆ ಅವರವರ ಹತ್ತಿರವೇ ಇರಲಿ, ಬುದ್ಧಿ. ಸತ್ತ ಮಿಸ್ತ್ರಿಯ ಕೆಲಸ ನನಗಿರಲಿ. ಈ ಶೆಡ್ಡಿನ ಬೀಗದ ಕೈ ನನ್ನೊಬ್ಬನ ಹತ್ತಿರ ಮಾತ್ರ ಇರಲಿ.”

“ನನ್ನ ಮೇಲೂ ಅನುಮಾನವೇ?” ಅಂದಳು ಹೊನ್ನಾಜಿ.

“ಸ್ಪ್ರಿಂಗ್ ಬಿಚ್ಚಿದವರು ಬೇರೆ ಯಾರೂ ಅಲ್ವಲ್ಲ, ಅಮ್ಮಾವ್ರೇ.”

ರಾಜರು ಕತ್ತಿಯನ್ನು ಒರೆಗೆ ಸೇರಿಸಿ ಎಲ್ಲಕ್ಕೂ ಆಗಲಿ ಅಂದರು. ಅವಳು ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. ಓಬಳೇಶ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ, ಹಾಗೇ ನಿಂತ. ಹೊನ್ನಾಜಿ ಅಪ್ಪನ ಕಡೆ ನೋಡಿದಳು, ಚಾವಣಿಯ ಕಡೆ ನೋಡಿದಳು, ಆಮೇಲೆ ಜಡೆಯ ಬುಡಕ್ಕೆ ಬೆರಳು ಹಾಕಿ ಎರಡನೆಯ ಬೀಗದ ಕೈಯನ್ನೂ ತೆಗೆದುಕೊಟ್ಟಳು.

ಆಮೇಲೆ ಆ ಶೆಡ್ಡಿನಲ್ಲಿ ಯಾರ ಮೇಲೂ ಏನೂ ಬಿದ್ದಿಲ್ಲ ಎಂದು ನೇರಲಕೋಟೆಯವರು ಹೇಳುತ್ತಾರೆ.