ಬಾಳವ್ವನ ಕಪ್ಪು ಟಿವಿ

ನದಿಯ ದಂಡೆಯಲ್ಲಿ ಒಬ್ಬ ಗುರು ಇದ್ದ. ಅವನಿದ್ದ ಜಾಗವನ್ನು ಭಕ್ತರು ಆಶ್ರಮ ಎನ್ನುತ್ತಿದ್ದರು. ಎರಡು ಕೋಣೆ, ಒಂದು ಬೇವಿನ ಮರ. ನದಿಯಲ್ಲಿ ಆಗಾಗ ನೀರೂ ಇರುತ್ತಿತ್ತು.

ಗುರು ಹಿಂದೆ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಎಂದು ಊರಿನವರು ಹೇಳುತ್ತಿದ್ದರು. ಗುರು ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಭಕ್ತರು ಅಲ್ಲಗಳೆಯುತ್ತಿದ್ದರು.

ಶಿಷ್ಯನ ಹೆಸರು ಇಂದುಧರ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ. ಯಾವುದನ್ನು ಕಂಡರೂ ಅವನಿಗೆ ಇನ್ನೇನೋ ಹೊಳೆಯುತ್ತಿತ್ತು. ಕಂಡದ್ದು ಹಾಗೇ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಬಾಳವ್ವ ಬಂದಳು. ಊರಿನ ಹಿಟ್ಟಿನ ಗಿರಣಿಯ ಫಕೀರಪ್ಪನ ತಾಯಿ.

"ಟಿವಿ ಕಪ್ಪಾಗೇತ್ರಿ ಅಜ್ಜಾರ," ಎಂದಳು. ಅವಳ ಮಾತು ಅಗತ್ಯಕ್ಕಿಂತ ಜೋರಾಗಿತ್ತು. "ದನಿ ಬರ್ತೈತಂತ, ಮುಖ ಬರವಲ್ದು. ನಿನ್ನೆ ಗುಜರಿಯವ ಬಂದು ನೋಡಿ ಹೋದ. ಇವತ್ತ ಮಧ್ಯಾಹ್ನ ಒಯ್ತಾನ. ಅಷ್ಟರಾಗ ಒಂದೀಟು ನೋಡ್ರಿ."

ಗುರು ಬಾಯಿ ತೆರೆಯುವ ಮುನ್ನ ಇಂದುಧರ ನದಿಯತ್ತ ನೋಡುತ್ತಾ ಹೇಳಿದ: "ತಾಯಿ, ಚಿತ್ರ ಹೋದರೂ ಧ್ವನಿ ಉಳಿದಿದೆ. ನೋಟ ಹೊರಗೆ ಎಳೆಯುತ್ತದೆ, ಶ್ರವಣ ಒಳಗೆ ಒಯ್ಯುತ್ತದೆ. ಉಳಿದ ಅರ್ಧದಲ್ಲೇ ತೃಪ್ತಿ ಕಾಣಬೇಕು."

ಬಾಳವ್ವ ಗುರುವಿನ ಮುಖ ನೋಡಿದಳು. "ಏನಂದ್ರಿ ಇವ್ರು?"

ಗುರು ಅವಳೆದುರು ಕುಕ್ಕರಗಾಲಲ್ಲಿ ಕೂತ. ದನಿ ಏರಿಸದೆ, ನಿಧಾನವಾಗಿ ಹೇಳಿದ: "ಏನೂ ಅಂದಿಲ್ಲವ್ವ."

ಆಮೇಲೆ ಶಿಷ್ಯನಿಗೆ ಹೇಳಿದ: "ಆಕಿಗೆ ಕಿವಿ ಕೇಳ್ಸೂದಿಲ್ಲ. ಹತ್ತು ವರ್ಷದ ಹಿಂದ ಜ್ವರ ಬಂದು ಕಿವಿ ಹೋದುವು. ತುಟಿ ನೋಡಿ ತಿಳ್ಕೋತಾಳ. ನೀ ಆಕಿಗೆ ಉಳಿಸಿಕೊಟ್ಟ ಅರ್ಧ ಆಕಿದಲ್ಲ."

ಇಂದುಧರ ನಾಚಿದ. ನಾಚಿಕೆಯಲ್ಲೂ ಏನೋ ತತ್ವ ಇದೆ ಅನಿಸಿತು. ಹೇಳಲಿಲ್ಲ.

"ಹೋಗು," ಎಂದ ಗುರು. "ಏನಾಗೇತಿ ನೋಡಿ ಬಾ. ಏನೂ ಮಾಡಬ್ಯಾಡ."

ಶಿಷ್ಯ ಹೋಗಿ ಬಂದ. ಅಲ್ಲಿಯವರೆಗೆ ಬಾಳವ್ವ ಬೇವಿನ ಮರದ ಕೆಳಗೆ ಕೂತಿದ್ದಳು.

"ಪರದೆ ಸತ್ತಿದೆ ಗುರುಗಳೇ. ಗುಜರಿಯೇ ಗತಿ."

"ಹೆಂಗ ಗೊತ್ತಾತು?"

"ಗುಂಡಿಗಳನ್ನೆಲ್ಲ ಒತ್ತಿದೆ. ಬೆನ್ನಿಗೆ ಎರಡು ಬಾರಿ ಹೊಡೆದೆ. ಏನೂ ಆಗಲಿಲ್ಲ."

"ಅದು ರಿಪೇರಿ. ನಾ ನೋಡು ಅಂದಿದ್ದೆ."

"ನೋಡಿದೆ. ಬರೀ ಕತ್ತಲೆ."

"ಕತ್ತಲಾಗ ಏನಿತ್ತು?"

"ಕತ್ತಲೆಯಲ್ಲಿ ಏನು ಕಾಣುತ್ತದೆ ಗುರುಗಳೇ?"

ಗುರು ಎದ್ದ. ಒಳಗಿನಿಂದ ಒಂದು ಹಳೆಯ ಚೀಲ ತಂದು ಹೆಗಲಿಗೆ ಹಾಕಿಕೊಂಡ. ಇಬ್ಬರೂ ಬಾಳವ್ವನ ಹಿಂದೆ ಹೊರಟರು.

ದಾರಿಯಲ್ಲಿ ಇಂದುಧರ ಕೇಳಿದ: "ಟಿವಿ ಮಾಯೆ ಎಂದು ನೀವೇ ಹೇಳಿದ್ದಿರಲ್ಲ?"

"ನಾ ಅಂದಿಲ್ಲ. ನೀ ಬರಕೊಂಡಿ."

ಮನೆಯ ಮುಂಭಾಗ ಗಿರಣಿ, ಹಿಂಭಾಗ ಸಂಸಾರ. ಫಕೀರಪ್ಪನ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟಿತ್ತು. ತಾಯಿಗೆ ಬೆನ್ನು ಹಾಕಿ, ಮೊಬೈಲು ನೋಡುತ್ತಲೇ ಮಾತಾಡಿದ.

"ಸುಮ್ಮನ ಯಾಕ ತ್ರಾಸ ತಗೋತೀರಿ ಅಜ್ಜಾರ? ನಮಗೆಲ್ಲಾ ಮೊಬೈಲ್ ಐತಿ. ಅವ್ವಗ ಟಿವಿ ಯಾಕ ಬೇಕು? ಕೇಳ್ಸೂದಂತೂ ಇಲ್ಲ."

ಅಡುಗೆಮನೆಯಲ್ಲಿ ಸೊಸೆ ಒಲೆಗೆ ಹೇಳಿದಳು: "ಅತ್ತ್ಯಾರಿಗೆ ಚಾ ಬೇಕೇನು ಕೇಳ್ರಿ."

ಯಾರೂ ಕೇಳಲಿಲ್ಲ.

ಗುರು ಕಿಟಕಿ ಮುಚ್ಚಿ ಟಿವಿ ಹಚ್ಚಿದ. ಪರದೆ ಕಪ್ಪಗಿತ್ತು. ಅದರೊಳಗಿನಿಂದ ಯಾರೋ ಹೆಂಗಸು ವಾರ್ತೆ ಓದುತ್ತಿದ್ದಳು. ಗುರು ಚೀಲದಿಂದ ಬ್ಯಾಟರಿ ದೀಪ ತೆಗೆದು, ಪರದೆಗೆ ಹತ್ತಿರ, ಓರೆಯಾಗಿ ಹಿಡಿದ.

ಬೆಳಕು ಬಿದ್ದಲ್ಲಿ, ಬೂದಿಯ ಅಡಿಯಿಂದ ಎಂಬಂತೆ, ಒಂದು ಮುಖ ಕಂಡಿತು. ತುಟಿ ಆಡುತ್ತಿತ್ತು.

"ಚಿತ್ರ ಐತಿ," ಎಂದ ಗುರು. "ಹಿಂದಿನ ಬೆಳಕು ಹೋಗೇತಿ."

ಇಂದುಧರನ ಮೈ ಜುಮ್ಮೆಂದಿತು. "ಗುರುಗಳೇ! ಹಾಗಾದರೆ ಆತ್ಮವೂ—"

"ಎಲ್‌ಇಡಿ ಪಟ್ಟಿ. ಸುಮ್ನಿರು."

ಬಾಳವ್ವ ಗುರುವಿನ ಕೈಯಿಂದ ದೀಪ ಕಸಿದುಕೊಂಡಳು. ಮೊಣಕಾಲು ಟಿವಿಗೆ ತಾಗುವಂತೆ ಕೂತು, ಓದುವವಳ ಬಾಯಿಗೆ ಬೆಳಕು ಹಿಡಿದಳು. ಬೆಳಕು ರೊಟ್ಟಿಯಷ್ಟು ಅಗಲ. ಮುಖ ಸರಿದಾಗಲೆಲ್ಲ ಕೈಯೂ ಸರಿಯಿತು.

"ಬೀದರಿನ ಕಡೆ ಆಲಿಕಲ್ಲು ಬಿದ್ದಾವಂತ," ಎಂದು ಕೋಣೆಗೆ ತಿಳಿಸಿದಳು.

ಗುರು ಅವಳ ಎದುರಿಗೆ ಬಂದ. "ಧಾರಾವಾಹಿ ನೋಡೂದಿಲ್ಲೇನವ್ವ?"

"ಬ್ಯಾಡ್ರಿ. ಅದರಾಗ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಮಾತಾಡ್ತಾರ, ನಮ್ಮ ಮನ್ಯಾಗಿನವರಂಗ. ಈಕಿ ಹಂಗಲ್ಲ. ನನ್ನ ಮುಖ ನೋಡಿ ಮಾತಾಡ್ತಾಳ. ದಿನಾ."

ಫಕೀರಪ್ಪ ಮೊಬೈಲನ್ನು ಕಿಸೆಗೆ ಹಾಕಿದ.

"ಬಿಚ್ಚಿದ್ರ ಒಡೀತೈತಿ ಅಜ್ಜಾರ," ಎಂದ ಆಮೇಲೆ. "ಒಡೆದ್ರ ಗುಜರಿಯವನೂ ಮುಟ್ಟೂದಿಲ್ಲ."

"ಒಡೀಬಹುದು. ನೀನೂ ಬಂದು ಹಿಡಿ."

ಪ್ಲಗ್ ಕಿತ್ತರು. ಕೌದಿಯ ಮೇಲೆ ಟಿವಿ ಮಲಗಿಸಿ ಬೆನ್ನಿನ ಸ್ಕ್ರೂ ಬಿಚ್ಚಿದರು. ಮಗುಚಿ ಚೌಕಟ್ಟು ತೆಗೆದರು. ಈಗ ಗಾಜಿನ ಪರದೆಯನ್ನು ಎತ್ತಿ ಪಕ್ಕಕ್ಕೆ ಇಡಬೇಕು. ಹಪ್ಪಳದಂಥ ಗಾಜು. ಆ ತುದಿಗೆ ಫಕೀರಪ್ಪ, ಈ ತುದಿಗೆ ಇಂದುಧರ. ಒಬ್ಬ ಮುಂದಾದರೆ ಸೀಳುತ್ತದೆ.

ಅಷ್ಟರಲ್ಲಿ ಗಿರಣಿಯಲ್ಲಿ ಸೊಸೆ ಯಾರದೋ ಜೋಳ ಸುರಿದು ಸ್ವಿಚ್ ಒತ್ತಿದಳು. ನೆಲ ನಡುಗಿತು. ಕೋಣೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಂತಾಯಿತು.

ಫಕೀರಪ್ಪನಿಗೆ ಇದು ಹೊಸದಲ್ಲ. ದಿನವಿಡೀ ಗಿರಣಿಯಲ್ಲಿ ಮಾಡುವುದನ್ನೇ ಮಾಡಿದ. ಮುಖ ಎತ್ತಿ, ಎದುರಿನವನ ಕಣ್ಣಿಗೆ ಕಣ್ಣಿಟ್ಟು, ತುಟಿಯನ್ನು ಅಗಲವಾಗಿ ಆಡಿಸಿದ. ದನಿ ಹೊರಡಿಸಲಿಲ್ಲ. ಗಿರಣಿಯಲ್ಲಿ ದನಿ ದಂಡ.

ಇಂದುಧರನಿಗೆ ತಿಳಿಯಲಿಲ್ಲ. ನಕ್ಕ. ನಕ್ಕು ತನ್ನ ತುದಿಯನ್ನು ಸ್ವಲ್ಪ ಎತ್ತಿದ. ಗಾಜು ಬಾಗಿತು.

"ಬ್ಯಾಡ! ಇಳಸು!"

ಬಾಳವ್ವ ಕೂಗಿದ್ದಳು. ಗಿರಣಿಯ ಸದ್ದನ್ನೂ ಸೀಳಿ ಬಂದ ದನಿ. ಅವಳು ಮಗನ ಬಾಯಿಯಿಂದ ಕಣ್ಣು ತೆಗೆದಿರಲಿಲ್ಲ.

"ನಿನ್ನ ಎಡಗೈ ಮ್ಯಾಲಾಗೇತಿ ಅಂತಾನ. ಇಳಸು. ಇನ್ನೂ. ಹಾಂ. ಉಸಿರು ಬಿಗಿ ಹಿಡಿ ಅಂತಾನ. ನನ್ನ ಜೋಡಿ ಎತ್ತು, ಅವಸರ ಮಾಡಬ್ಯಾಡ ಅಂತಾನ. ಒಂದು ಅಂದ. ಎರಡು ಅಂದ. ಎತ್ತೋ ಎಪ್ಪಾ!"

ಗಾಜು ಎದ್ದಿತು. ಮಂಚದ ಮೇಲೆ ಮಲಗಿತು.

ಫಕೀರಪ್ಪ ಖಾಲಿ ಕೈಗಳನ್ನು ಹಾಗೇ ಮುಂದೆ ಹಿಡಿದು ನಿಂತಿದ್ದ. ಗಿರಣಿ ನಿಂತ ಮೇಲೆ ಗುರುವನ್ನು ಕೇಳಿದ: "ಅವ್ವಗ ಎಲ್ಲಾ ತಿಳೀತಲ್ರಿ?"

"ಗಿರಣ್ಯಾಗ ಗಿರಾಕಿ ಜೋಡಿ ಹೆಂಗ ಮಾತಾಡ್ತಿ?"

"ಮುಖ ನೋಡಿ. ಆ ಗದ್ದಲದಾಗ ಇಲ್ಲಾಂದ್ರ ಯಾರಿಗೆ ಏನು ತಿಳೀತೈತ್ರಿ?"

ಗುರು ಚೀಲದಿಂದ ದೀಪ ಪರೀಕ್ಷಿಸುವ ಮೀಟರು ತೆಗೆದ. ಮೀಟರಿನ ಎರಡು ಮೊನೆ ಹಿಡಿದು ಪಟ್ಟಿಯ ದೀಪಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದ. ಉಳಿದವು ಚೆನ್ನಾಗಿದ್ದವು. ಒಂದು ಸತ್ತಿತ್ತು. ಒಂದೇ ಸರದಲ್ಲಿ ಪೋಣಿಸಿದ್ದರಿಂದ, ಆ ಒಂದಕ್ಕಾಗಿ ಎಲ್ಲವೂ ಆರಿದ್ದವು.

ಇಂದುಧರ ಬಾಯಿ ತೆರೆದ.

ಗುರು ಅವನನ್ನು ನೋಡಿದ.

ಇಂದುಧರ ಬಾಯಿ ಮುಚ್ಚಿದ.

"ಇದನ್ನ ಒಯ್ದು ಪ್ಯಾಟ್ಯಾಗ ಇಂಥದ್ದ ಪಟ್ಟಿ ತಾ," ಎಂದ ಗುರು. "ಅಂಗಡ್ಯಾವ ಯಾವುದೂ ನಡೀತೈತಿ ಅಂತಾನ. ಅಳತಿ ಹಚ್ಚಿ ನೋಡು. ನೋಡು ಅಂದೀನಿ."

ಮಧ್ಯಾಹ್ನ ಗುಜರಿಯವನು ಬಂದ. ಬಾಳವ್ವ ಬಾಗಿಲಿಗೆ ಅಡ್ಡ ಕೂತಿದ್ದಳು. ಅವನು ಅವಳೆದುರು ನಿಂತು, ಬಾಯಿ ದೊಡ್ಡದಾಗಿ ತೆರೆದು, ಒಂದೊಂದೇ ಮಾತನ್ನು ಬಿಡಿಸಿ ಕೇಳಿದ.

"ಕೇಳ್ಸೂದಿಲ್ಲಪಾ," ಎಂದಳು ಬಾಳವ್ವ.

ಅವನು ಇನ್ನೊಮ್ಮೆ ಕೇಳಿದ. ಅವಳಿಗೆ ಇನ್ನೊಮ್ಮೆ ಕೇಳಿಸಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ.

ಇಂದುಧರ ಸರಿಯಾದ ಪಟ್ಟಿಯನ್ನೇ ತಂದ. ಅಳತೆ ನೋಡಿದ್ದ. ಅದರಿಂದ ಅವನಿಗೆ ಬೇರೇನೂ ಹೊಳೆದಿರಲಿಲ್ಲ.

ಗಾಜನ್ನು ಮತ್ತೆ ಎತ್ತಿ ಕೂರಿಸಿದರು. ಚೌಕಟ್ಟು ಬಿಗಿದು ಪ್ಲಗ್ ಹಾಕಿದರು. ಪರದೆ ಬೆಳಗಿತು. ಒಂದು ಮೂಲೆಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ಮಂಕು ಉಳಿಯಿತು.

"ಅದು ಇರ್ಲಿ," ಎಂದಳು ಬಾಳವ್ವ. "ಅಲ್ಲಿ ಆಕಿ ಬಾಯಿ ಬರೂದಿಲ್ಲ."

ಸಂಜೆಯ ವಾರ್ತೆ ಶುರುವಾಯಿತು. ಬಾಳವ್ವ ಗೋಡೆಗೆ ಒರಗಿ ಕೂತಳು.

ಫಕೀರಪ್ಪ ಮುಖ ತೊಳೆದು ಬಂದ. ತಾಯಿಯ ಎದುರು ಕೂತ. ಗಂಟಲು ಸರಿಮಾಡಿಕೊಂಡ, ಅದರ ಅಗತ್ಯ ಇರಲಿಲ್ಲ. ಆಮೇಲೆ ಮುಖ ಎತ್ತಿ, ಗಿರಣಿಯಲ್ಲಿ ಗಿರಾಕಿಗೆ ಹೇಳುವಂತೆ, ದನಿಯಿಲ್ಲದೆ ತುಟಿ ಆಡಿಸಿದ. ಈ ಸಲ ಇಂದುಧರನಿಗೂ ತಿಳಿಯಿತು.

ಅವ್ವಾ, ಉಂಡಿಯೇನು?

ಬಾಳವ್ವ ಕತ್ತು ಪಕ್ಕಕ್ಕೆ ವಾಲಿಸಿ ಮಗನ ಹೆಗಲ ಮೇಲಿಂದ ನೋಡಿದಳು.

"ಸರಿ ಅತ್ತ. ಆಕಿ ಕಾಣವಲ್ಲಳು."

ಫಕೀರಪ್ಪ ಸರಿದ. ಎದ್ದು ಹೋಗಲಿಲ್ಲ. ಟಿವಿಯ ಪಕ್ಕದಲ್ಲಿ, ತಾಯಿಯ ಕಡೆ ಮುಖ ಮಾಡಿ ಕೂತ.

ಗುರು ಶಿಷ್ಯರು ನದಿಯ ಕಡೆ ಹೊರಟರು. ಇಂದುಧರ ಬಹಳ ಹೊತ್ತು ಸುಮ್ಮನಿದ್ದ. ಅವನಿಗೆ ಅದು ಕಷ್ಟ.

"ಗುರುಗಳೇ, ನಾವು ತಪ್ಪು ಮಾಡಿದೆವು ಅನಿಸುತ್ತದೆ," ಎಂದ ಕೊನೆಗೆ. "ಮಗ ತಾಯಿಯ ಕಡೆ ಮುಖ ಮಾಡಿದ, ತಾಯಿ ನೋಡಲಿಲ್ಲ. ಟಿವಿ ಕಪ್ಪಗೇ ಇದ್ದಿದ್ದರೆ ಅವನನ್ನೇ ನೋಡುತ್ತಿದ್ದಳು."

ಗುರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಹತ್ತು ವರ್ಷ ಆಕಿ ಕಾದಾಳ. ವಾರ್ತಾ ಮುಗಿಯೂತನಕ ಅವ ಕಾಯಲಿ."