ಅಕ್ಕಿ ಹೆಚ್ಚಿದ ಮನೆ

"ಬುದ್ಧೀ, ಚಿಕ್ಕಂದಿನಲ್ಲಿ ಒಂದು ತುತ್ತಿಗೆ ಇದ್ದ ರುಚಿ ಈಗ ಎಲೆ ತುಂಬ ಬಡಿಸಿಕೊಂಡರೂ ಏಕೆ ಇಲ್ಲ?"

ಹೀಗೆ ಕೇಳಿದವನು ಮರುಳಸಿದ್ಧ. ಮಠದ ದಾಸೋಹದ ಅಡುಗೆ ಅವನ ಪಾಲಿನ ಕೆಲಸ. ಒಂಬತ್ತು ವರ್ಷಗಳಿಂದ ಅವನು ಅದೇ ಒಲೆಗಳ ಮುಂದೆ ನಿಂತಿದ್ದ. ಮಧ್ಯಾಹ್ನದ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಸಾರಿಸಿದ ಮೇಲೆ ಅವನು ಗುರುಗಳ ಬಳಿಗೆ ಬಂದಿದ್ದ. ಗುರುಗಳು ಬೇವಿನ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಒರಗಿದ್ದರು. ಶಿಷ್ಯನ ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಅವರು ಅದನ್ನು ನೋಡಿದರು.

"ಯಾರು ಏನಂದರಯ್ಯಾ?"

"ಏನನ್ನಲಿಲ್ಲ ಎಂದು ಕೇಳಿ ಬುದ್ಧಿ. ಸಾರು ತೆಳ್ಳಗಾದರೆ ಇದೇನು ಕೆರೆಯ ನೀರೇ ಅನ್ನುತ್ತಾರೆ. ಗಟ್ಟಿಯಾದರೆ ನೀರಿಗೂ ಬರವೇ ಅನ್ನುತ್ತಾರೆ. ಇನ್ನೂರು ಜನಕ್ಕೆ ಬೇಯಿಸಿ, ನಾನು ಉಣ್ಣಲು ಕುಳಿತರೆ ಬಾಯಿಗೆ ಏನೂ ಹತ್ತುವುದಿಲ್ಲ. ನಮ್ಮವ್ವ ಮುದ್ದೆಗೆ ಬರೀ ಹುಣಸೆಹಣ್ಣಿನ ಗೊಜ್ಜು ಕೊಡುತ್ತಿದ್ದಳು. ಅದನ್ನು ನೆನೆದರೆ ಇವತ್ತಿಗೂ ಬಾಯಲ್ಲಿ ನೀರು ಬರುತ್ತದೆ. ನನಗೆ ಸಾಕಾಯಿತು. ಊರಿಗೆ ಹೊರಟಿದ್ದೇನೆ, ಅಪ್ಪಣೆ ಕೊಡಿ."

"ಊರಿನಲ್ಲಿ ತಾಯಿ ಇದ್ದಾಳೆಯೇ?"

"ಇಲ್ಲ. ತೀರಿಕೊಂಡು ಮೂರು ವರ್ಷವಾಯಿತು. ಆ ಒಲೆ ಇದೆ ಬುದ್ಧಿ."

ಗುರುಗಳು ನಗಲಿಲ್ಲ. "ಹೋಗುವವನನ್ನು ಹಿಡಿಯಲು ನಾನೇನು ಮುಳ್ಳುಬೇಲಿಯೇ? ಹೋಗುವೆಯಂತೆ. ಬಿಸಿಲು ಇಳಿಯುವವರೆಗೆ ಕುಳಿತಿರು. ಒಬ್ಬ ಉಗ್ರಾಣಿಯ ಕತೆ ಹೇಳುತ್ತೇನೆ" ಎಂದು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಒಬ್ಬ ಉಗ್ರಾಣಿ ಇದ್ದ. ಅರಮನೆಯ ಅಕ್ಕಿಯ ಕೋಣೆಗಳೆಲ್ಲ ಅವನ ವಶ. ಬೆಳಗಾದರೆ ಹಿತ್ತಾಳೆಯ ಸೇರು ಹಿಡಿದು ಕೂರುತ್ತಿದ್ದ, ಹೊತ್ತು ಮುಳುಗುವವರೆಗೂ ಅಳೆದು ಅಳೆದು ಕೊಡುತ್ತಿದ್ದ. ದಂಡಿನವರು ಬರುತ್ತಿದ್ದರು, ಅಡುಗೆಯವರು ಬರುತ್ತಿದ್ದರು, ಆನೆಯ ಮಾವುತರು ಬರುತ್ತಿದ್ದರು. ಸೇರಿನ ಬಾಯಿಗೆ ಕೋಲೆಳೆದು ಕೊಟ್ಟರೆ, ಇವನ ಕೈ ಎಷ್ಟು ಬಿಗಿ ನೋಡು ಎಂದು ಬಂದವರು ಬಯ್ಯುತ್ತಿದ್ದರು. ಕೋಲೆಳೆಯದೆ ತಲೆ ತುಂಬಿ ಕೊಟ್ಟರೆ, ಇದೇನು ನಿಮ್ಮಪ್ಪನ ಮನೆಯ ಗಂಟೇ ಎಂದು ಮೇಲಿನವನು ಬಯ್ಯುತ್ತಿದ್ದ. ಇಲಿ ತಿಂದದ್ದಕ್ಕೂ ಅವನೇ ಉತ್ತರ ಹೇಳಬೇಕು. ಅತ್ತ ದರಿ, ಇತ್ತ ಪುಲಿ. ಕೊಟ್ಟವನು ಕೋಡಂಗಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಊಟಕ್ಕೇನೂ ಕಡಿಮೆ ಇರಲಿಲ್ಲ. ಅರಮನೆಯ ಅಡುಗೆಯಲ್ಲೇ ಅವನಿಗೂ ಎಲೆ. ಸಣ್ಣಕ್ಕಿಯ ಅನ್ನ, ಮೇಲೆ ತುಪ್ಪ. ಆದರೆ ಮೊದಲ ತುತ್ತು ಬಾಯಿಗಿಟ್ಟರೆ ಗಂಟಲು ಬೇಡ ಅನ್ನುತ್ತಿತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಈ ಪುಣ್ಯಾತ್ಮನಿಗೆ ಎರಡೂ ಇದ್ದವು, ಹಸಿವು ಮಾತ್ರ ಇರಲಿಲ್ಲ. ಬರಬರುತ್ತಾ ಎರಡು ತುತ್ತಿಗೆ ಕೈ ತೊಳೆಯತೊಡಗಿದ. ಮೈ ಇಳಿಯಿತು. ಕೆನ್ನೆ ಒಳಗೆ ಹೋಯಿತು. ವೈದ್ಯನು ನಾಡಿ ಹಿಡಿದು ನೋಡಿ, ರೋಗ ಕಾಣುವುದಿಲ್ಲ, ಆದರೆ ಹೀಗೇ ಆದರೆ ಬರುವ ಸಂಕ್ರಾಂತಿಯನ್ನೂ ಕಾಣುವುದಿಲ್ಲ ಎಂದು ಹೇಳಿ ಹೋದ.

ಉಗ್ರಾಣಿಗೆ ಹೆದರಿಕೆಯಾಯಿತು. ಯಾರಿಗೆ ಆಗುವುದಿಲ್ಲ? ಹೆದರಿಕೆಯಾದಾಗಲೆಲ್ಲ ಅವನು ಅಕ್ಕಿಯ ಮೂಟೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ ಕೂಡಲೇ ತಾಯಿಯ ಮನೆ ಬರುತ್ತಿತ್ತು.

ಕೆರೆಯ ಪಕ್ಕದ ಗುಡಿಸಲು ಅದು. ತಂದೆಯನ್ನು ಅವನು ಕಂಡವನಲ್ಲ. ತಾಯಿ, ಮಗ ಇಬ್ಬರೇ. ಪಕ್ಕದ ಮನೆಗೂ ಇವರ ಮನೆಗೂ ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ನಾಲ್ಕೈದು ದಿನಕ್ಕೊಮ್ಮೆ ತಾಯಿ ಆ ಗೋಡೆಯ ಹತ್ತಿರ ಹೋಗಿ ನೆರೆಯವಳಿಗೆ ಕೂಗಿ ಹೇಳುತ್ತಿದ್ದಳು: "ಇವತ್ತು ನಮ್ಮನೇಲಿ ಅಕ್ಕಿ ಹೆಚ್ಚಿದೆ ಕಣೇ!"

ಇಲ್ಲಿ ಮರುಳಸಿದ್ಧ ತಟ್ಟನೆ ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ಗುರುಗಳು ಕೈಯೆತ್ತಿ ತಡೆದರು.

"ನಿನಗೆ ಗೊತ್ತಿದ್ದರೆ ನಿನ್ನ ಹತ್ತಿರವೇ ಇಟ್ಟುಕೋ. ನೀನು ಅಡುಗೆಯವನು, ಹೆಂಗಸರ ನಡುವೆ ಬೆಳೆದವನು. ಅವನಿಗೆ ಗೊತ್ತಿರಲಿಲ್ಲ."

ಅವರು ಕತೆ ಮುಂದುವರಿಸಿದರು.

ಅಕ್ಕಿ ಹೆಚ್ಚಿದೆ ಎಂದು ಕೇಳಿದರೆ ಮಗು ಕುಣಿಯುತ್ತಿತ್ತು. ಕೆಲವು ಸಲ ನೆರೆಯವಳೂ ಗೋಡೆಯ ಆಚೆಯಿಂದ, "ಅಯ್ಯೋ, ನಮ್ಮನೇಲೂ ಹೆಚ್ಚಿದೆ ಕಣೇ!" ಎನ್ನುತ್ತಿದ್ದಳು. ಆಗ ಇಬ್ಬರೂ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಕೇರಿಯಲ್ಲೆಲ್ಲ ಅಕ್ಕಿಯೋ ಅಕ್ಕಿ ಎಂದು ಮಗುವಿಗೆ ಹೆಮ್ಮೆ. ಅಕ್ಕಿ ಹೆಚ್ಚಿದ ದಿನ ತಾಯಿ ಅನ್ನ ಮಾಡುತ್ತಿರಲಿಲ್ಲ. ಅದೂ ಮಗುವಿಗೆ ಸರಿಯೇ ಕಾಣುತ್ತಿತ್ತು. ಅಷ್ಟೊಂದು ಇರುವಾಗ ದಿನಾ ಅದನ್ನೇ ಯಾರು ತಿನ್ನುತ್ತಾರೆ?

ಆ ದಿನ ಇಬ್ಬರೂ ಕೈ ಹಿಡಿದುಕೊಂಡು ಕೆರೆಯ ಏರಿಗೆ ಹೋಗುತ್ತಿದ್ದರು. ತಾಯಿ ಅಣ್ಣೆಸೊಪ್ಪು ಕೀಳುತ್ತಿದ್ದಳು. ಕೊಯ್ದು ಬಿಟ್ಟ ಹೊಲದಲ್ಲಿ ಕೋಲಿನಿಂದ ಕೆದಕಿದರೆ ಒಂದೊಂದು ಗೆಣಸು ಸಿಗುತ್ತಿತ್ತು. ಸಿಕ್ಕಿದಾಗಲೆಲ್ಲ ತಾಯಿ, ಓಹೋ ಎಂದು ಕೂಗುತ್ತಿದ್ದಳು, ಮಗುವೂ ಕೂಗುತ್ತಿತ್ತು. ಮನೆಗೆ ಬಂದು ಬೇಯಿಸಿ ಮುತ್ತುಗದ ಎಲೆಯ ಮೇಲೆ ಸುರಿದರೆ ಹಬೆ ಏಳುತ್ತಿತ್ತು. ಊದಿ ಊದಿ ತಿನ್ನಿಸುತ್ತಿದ್ದಳು. ಒಂದು ತುತ್ತಿಗೆ ಒಂದು ಕತೆ. ತಿಂದಾದ ಮೇಲೆ ಜಗಲಿಯ ಮೇಲೆ ಅವಳ ತೊಡೆಯೇ ದಿಂಬು. ತಲೆಗೂದಲಲ್ಲಿ ಅವಳ ಬೆರಳು ಆಡುತ್ತಿತ್ತು. ಕೆರೆಯ ನೀರಿನ ಬೆಳಕು ಮಾಡಿನ ಅಡಿಯಲ್ಲಿ ಅಲುಗಾಡುತ್ತಿತ್ತು. ಎಷ್ಟು ಹೊತ್ತು ಮಲಗಿದ್ದೆ, ಯಾವಾಗ ಎದ್ದೆ ಎನ್ನುವುದೊಂದೂ ಅವನ ನೆನಪಿನಲ್ಲಿರಲಿಲ್ಲ. ಆ ಮಧ್ಯಾಹ್ನಗಳು ಮುಗಿದದ್ದೇ ಅವನಿಗೆ ತಿಳಿದಿರಲಿಲ್ಲ.

ಅವನಿಗೆ ಏಳು ವರ್ಷವಾದಾಗ ತಾಯಿ ತೀರಿಹೋದಳು. ಸೋದರಮಾವ ಅರಮನೆಯ ಉಗ್ರಾಣದಲ್ಲಿ ಚಾಕರಿ ಮಾಡುತ್ತಿದ್ದ. ಅವನು ಬಂದು ಮಗುವನ್ನು ಕರೆದೊಯ್ದ. ಅಲ್ಲಿಂದ ಮುಂದೆ ಮೂಟೆಗಳ ನಡುವೆ, ಗಂಡಸರ ನಡುವೆ ಬೆಳೆದ. ಮದುವೆಯಾಗಲಿಲ್ಲ. ಯಾವ ಅಡುಗೆಮನೆಯ ಹೊಸ್ತಿಲನ್ನೂ ಅವನು ದಾಟಿದವನಲ್ಲ. ಅವನ ಕೋಣೆಗಳಲ್ಲಿ ಅಕ್ಕಿ ಯಾವತ್ತೂ ಬರಿದಾಗಲಿಲ್ಲ, ಆದ್ದರಿಂದ ತಾಯಿಯ ಆ ಮಾತು ಅವನ ಕಿವಿಗೆ ಇನ್ನೊಮ್ಮೆ ಬೀಳುವ ಪ್ರಸಂಗವೇ ಬರಲಿಲ್ಲ. ಯಾರಾದರೂ ಬಾಯಿಗೆ ಬಂದಂತೆ ಬಯ್ದರೆ, "ನನಗೇನು ಹೇಳುತ್ತೀರಿ, ನಮ್ಮ ಮನೆಯಲ್ಲಿ ನಾಲ್ಕೈದು ದಿನಕ್ಕೊಂದು ಸಲ ಅಕ್ಕಿ ಹೆಚ್ಚುತ್ತಿತ್ತು" ಎಂದು ಗೊಣಗುತ್ತಿದ್ದ. ದಂಡಿನವರು, ಜಂಬಗಾರ ಎಂದು ನಕ್ಕು ಹೋಗುತ್ತಿದ್ದರು.

ವೈದ್ಯನ ಮಾತು ಕೇಳಿದ ಮೇಲೆ ಅವನಿಗೆ ಒಂದು ಯೋಚನೆ ಹೊಳೆಯಿತು. ಇಷ್ಟು ಕೋಣೆಗಳ ಅಕ್ಕಿ ಅಳೆದಷ್ಟೂ ಕಡಿಮೆಯಾಗುತ್ತದೆ. ನಮ್ಮವ್ವನ ಒಂದು ಮಡಕೆಯ ಅಕ್ಕಿ ಹೆಚ್ಚುತ್ತಿತ್ತು. ಅವಳು ಯಾವುದೋ ವ್ರತ ಹಿಡಿದಿರಬೇಕು. ಆ ವ್ರತ ತಿಳಿದರೆ ನಾನು ಉಣ್ಣಬಲ್ಲೆ, ಉಳಿಯಬಲ್ಲೆ. ಬೀಗದ ಕೈಗಳನ್ನು ಇನ್ನೊಬ್ಬನಿಗೆ ಒಪ್ಪಿಸಿದ. ಮೂರು ದಿನ ನಡೆದ. ಕಾಲಲ್ಲಿ ಬಲವಿರಲಿಲ್ಲ, ಮರದ ಬುಡ ಕಂಡಲ್ಲೆಲ್ಲ ಕೂತು ಕೂತು ನಡೆದ.

ಗುಡಿಸಲು ಇದ್ದ ಜಾಗದಲ್ಲಿ ಹರಳುಗಿಡ ಬೆಳೆದಿತ್ತು. ಮಣ್ಣಿನ ಗೋಡೆ ಮೊಣಕಾಲಿನಷ್ಟು ಉಳಿದಿತ್ತು. ಗೋಡೆಯ ಆಚೆ ನೆರೆಯವಳು ಇನ್ನೂ ಇದ್ದಳು. ಮುದುಕಿಯಾಗಿದ್ದಳು. ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಯಾರ ಮಗ ಎಂದು ಹೇಳಿದ ಮೇಲೆ ಅವನ ಗದ್ದ ಹಿಡಿದು ನೋಡಿದಳು.

"ಅಯ್ಯೋ ನನ್ನಪ್ಪಾ, ಏನೋ ಇದು, ಒಳ್ಳೆ ಒಣಗಿದ ಕಡ್ಡಿ ಆಗಿದ್ದೀಯಲ್ಲೋ! ಅರಮನೇಲಿ ಅನ್ನ ಹಾಕಲ್ವಾ?"

ಉಗ್ರಾಣಿ ಅವಳ ಕೈ ಹಿಡಿದುಕೊಂಡ. "ಅಜ್ಜೀ, ನಮ್ಮವ್ವ ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದಳು? ನಮ್ಮ ಮನೆಯಲ್ಲಿ ಅಕ್ಕಿ ಹೆಚ್ಚುತ್ತಿತ್ತಲ್ಲ, ಆ ವ್ರತ ಕೇಳಲೆಂದೇ ಮೂರು ದಿನ ನಡೆದು ಬಂದೆ, ನನಗೂ ಹೇಳಿಕೊಡು. ಇಲ್ಲದಿದ್ದರೆ ನಾನು ಬದುಕುವುದಿಲ್ಲ" ಎಂದ.

ಮುದುಕಿ ಮೊರ ಕೆಳಗಿಟ್ಟು ನಕ್ಕಳು. ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಗುತ್ತಾ ಅವನ ಮುಖ ನೋಡಿದಳು. ನಗು ನಿಂತುಹೋಯಿತು.

"ಮಗಾ, ಅನ್ನ ಬೇಯೋ ಮನೇಲಿ ಇಲ್ಲ ಅನ್ನಬಾರದು ಕಣೋ. ಬಳೆ ಒಡೆದರೆ ಒಡೀತು ಅಂತೀವಾ? ಬಳೆ ಹೆಚ್ಚಿತು ಅಂತೀವಿ. ಹಾಗೇನೇ ಅಕ್ಕಿ ತೀರಿದರೆ ಅಕ್ಕಿ ಹೆಚ್ಚಿತು ಅಂತೀವಿ. ಹೆಂಗಸರ ಮಾತು ಅದು. ನಿಮ್ಮವ್ವ ಗೋಡೆ ಹತ್ರ ಬಂದು ಹಾಗೆ ಕೂಗಿದಳು ಅಂದ್ರೆ, ಮಡಕೇಲಿ ಒಂದು ಕಾಳೂ ಉಳಿದಿಲ್ಲ ಅಂತ. ನನ್ನ ಹತ್ರ ಇದ್ದರೆ ಒಂದು ಹಿಡಿ ಹುರುಳಿ ಕೊಡ್ತಿದ್ದೆ. ಇಲ್ಲದಿದ್ದರೆ ನಮ್ಮನೇಲೂ ಹೆಚ್ಚಿದೆ ಅಂತಿದ್ದೆ. ಇಬ್ಬರೂ ನಗ್ತಿದ್ದೆವು. ಮತ್ತೇನು ಮಾಡೋದು ಹೇಳು?"

ಉಗ್ರಾಣಿ ಮುರಿದ ಗೋಡೆಯ ಮೇಲೆ ಕುಸಿದು ಕುಳಿತ. ಅವನ ಹತ್ತಿರ ಇದ್ದದ್ದು ಆ ಒಂದು ಸಿರಿ. ಯಾರು ಏನು ಬಯ್ದರೂ ಅದೊಂದನ್ನು ಯಾರೂ ಕಸಿದುಕೊಂಡಿರಲಿಲ್ಲ. ಈಗ ಅದೂ ಹೋಯಿತು. ಅವನಿಗೆ ಸಿಟ್ಟು ಬಂತು, ತಾಯಿಯ ಮೇಲೆಯೋ ಮುದುಕಿಯ ಮೇಲೆಯೋ ಅವನಿಗೇ ತಿಳಿಯಲಿಲ್ಲ.

"ಹಾಗಾದರೆ ನಾನು ಇಷ್ಟು ವರ್ಷ ನೆನೆನೆನೆದು ಬಾಯಿ ಚಪ್ಪರಿಸಿದ್ದು ಬರೀ ಹಸಿವನ್ನೇ?"

"ಹಸಿವನ್ನ ಯಾರಾದರೂ ಮೂರು ದಿನ ನಡೆದು ಹುಡುಕಿಕೊಂಡು ಬರ್ತಾರೇನೋ, ಪೆದ್ದೇ?" ಎಂದಳು ಮುದುಕಿ. ಮೊರ ಎತ್ತಿಕೊಂಡು ಎದ್ದಳು. "ಏಳು, ಕೈಕಾಲು ತೊಳ್ಕೋ. ಹೊತ್ತಾಯಿತು. ನಮ್ಮನೇಲೂ ಇವತ್ತು ಅಕ್ಕಿ ಹೆಚ್ಚಿದೆ."

ಅವನು ಅವಳ ಮುಖವನ್ನೇ ನೋಡಿದ. ಅವಳು ಒಲೆ ಹಚ್ಚಲು ಒಳಗೆ ಹೋದಳು.

ಹುರುಳಿ ಬೆಂದಿತು. ಉಪ್ಪು, ಒಂದು ಒಣಮೆಣಸಿನಕಾಯಿ, ಅಷ್ಟೇ. ಎಲೆಯ ಮೇಲೆ ಬಡಿಸಿ ಅವಳು ಎದುರಿಗೆ ಕುಳಿತಳು. ನಿಮ್ಮವ್ವನಿಗೆ ಕಪ್ಪೆ ಕಂಡರೆ ಭಯ ಎಂದಳು. ಒಂದು ಸಲ ಸೊಪ್ಪಿನ ಮಡಿಲಿನಿಂದ ಕಪ್ಪೆ ಹಾರಿ, ಅವಳು ಸೊಪ್ಪನ್ನೆಲ್ಲ ಕೆರೆಗೆ ಚೆಲ್ಲಿ ಓಡಿ ಬಂದಿದ್ದಳು ಎಂದಳು. ಉಗ್ರಾಣಿ ನಕ್ಕ. ನಗುತ್ತಾ ಮೊದಲ ತುತ್ತು ಒಳಗೆ ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಆಮೇಲೆ ಅತ್ತ. ಅಳುತ್ತಲೇ ಉಂಡ. ಇನ್ನಷ್ಟು ಹಾಕು ಎಂದ. ಅವಳು ಹಾಕಿದಳು. ಎಲೆಯನ್ನು ಬೆರಳಿನಿಂದ ಒರೆಸಿ ತಿಂದ. ಅಲ್ಲೇ ಜಗಲಿಯ ಮೇಲೆ ಉರುಳಿಕೊಂಡ. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ನಿದ್ದೆ ಬಂತು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಬೇವಿನ ನೆರಳು ಕಲ್ಲನ್ನು ದಾಟಿ ಅಂಗಳಕ್ಕೆ ಹೋಗಿತ್ತು. ಮರುಳಸಿದ್ಧನಿಗೆ ತಾನೂ ಎಲ್ಲೋ ಮಲಗಿ ಎದ್ದಂತೆ ಇತ್ತು.

"ಆಮೇಲೆ ಬುದ್ಧಿ?"

"ಆಮೇಲೇನು? ಉಂಡ, ಮಲಗಿದ. ಹೊಟ್ಟೆ ತುಂಬಿದವನಿಗೆ ಇನ್ನೇನು ಕತೆ?"

ತನ್ನ ತಾಯಿ ಮುದ್ದೆಗೆ ಬರೀ ಹುಣಸೆಹಣ್ಣಿನ ಗೊಜ್ಜನ್ನೇ ಏಕೆ ಮಾಡುತ್ತಿದ್ದಳು ಎಂದು ಮರುಳಸಿದ್ಧ ಇವತ್ತಿನವರೆಗೂ ಕೇಳಿಕೊಂಡಿರಲಿಲ್ಲ.

"ಅಕ್ಕಿಯ ಕಾಳೂ ಇಲ್ಲದ ಆ ಮನೆಯಲ್ಲಿ ಇದ್ದದ್ದಾದರೂ ಏನು ಬುದ್ಧಿ?" ಎಂದು ಕೇಳಿದ.

ಗುರುಗಳು ಹೇಳಿದರು: "ಅಲ್ಲಿ ಹೆಚ್ಚಿಸುವವಳು ಇದ್ದಳು ಮರುಳಸಿದ್ಧ, ನಮ್ಮ ಮಠದಲ್ಲಿ ಅಕ್ಕಿಯೇನೋ ಬೇಕಾದಷ್ಟು ಇದೆ, ಹೆಚ್ಚಿಸಬೇಕಾದವನು ಗಂಟು ಕಟ್ಟಿ ಕುಳಿತಿದ್ದಾನೆ."