ಗರಿ ಲಗತ್ತಿಸತಕ್ಕದ್ದು

ಹಕ್ಕಿಗಳ ಹಾರಾಟ ವಿಜ್ಞಾನ ಕಾಲೇಜಿನಲ್ಲಿ ಓದಿದ ಬಾವಲಿ, ಅಲ್ಲೇ ಪಾಠ ಹೇಳುವ ಹುದ್ದೆಗೆ ಅರ್ಜಿ ಹಾಕಿತು. ಗುಮಾಸ್ತ ಕಾಗೆ ಅರ್ಜಿಯನ್ನು ಹಿಂದಕ್ಕೆ ತಳ್ಳಿತು.

"ಒಂದು ಗರಿ ಲಗತ್ತಿಸಬೇಕು. ನಿಯಮ."

"ನಮ್ಮ ಕುಲದಲ್ಲೇ ಗರಿ ಇಲ್ಲವಲ್ಲ, ಸ್ವಾಮಿ!"

"ಹಾಗಾದರೆ ಹುದ್ದೆಯೂ ಇಲ್ಲ."

ಬಾವಲಿಯನ್ನು ಎರಡು ಸಲ ನಪಾಸು ಮಾಡಿ, ಮೂರನೆಯ ಸಲ ಸೈ ಎಂದಿದ್ದ ಕೊಕ್ಕರೆ ಮೇಷ್ಟರು ಇದನ್ನು ಕೇಳಿ ಕೆರಳಿದರು. ತಮ್ಮ ರೆಕ್ಕೆಯಿಂದಲೇ ಒಂದು ಗರಿ ಕಿತ್ತು ಅರ್ಜಿಗೆ ಅಂಟಿಸಿದರು.

"ಇದು ನಿಮ್ಮದಲ್ಲವೇ, ಮೇಷ್ಟರೇ?"

"ಯಾರ ಗರಿ ಎಂದು ನಿಯಮದಲ್ಲಿದೆಯೇ? ಓದಿ ನೋಡಯ್ಯ."

ಕಾಗೆ ಓದಿ ನೋಡಿತು. ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಮೇಷ್ಟರು ನೋಡುತ್ತಾರೆ, ಸಂದರ್ಶನದ ಕೊಂಬೆಗೆ ಬಾವಲಿಯೇ ತಲೆಕೆಳಗಾಗಿ ತೂಗುಬಿದ್ದಿದೆ! ಎದುರಿಗೆ ಚಿಟ್ಟೆಯೊಂದು ಅಳುಕುತ್ತ ನಿಂತಿದೆ.

"ಮೇಡಂ, ನನಗೆ ಗರಿ ಇಲ್ಲ."

"ನನಗೂ ಇಲ್ಲಮ್ಮ. ಎಲ್ಲಿ, ಹಾರಿ ತೋರಿಸು!"